ಮೂರು ಲ್ಯಾಂಬ್ರೆಟಾ, ಒಂದು ಪೈಪು

ತುಮಕೂರಿನ ಶಿರಾ ಗೇಟ್ ಹತ್ತಿರ ನಮ್ಮ ಸೋದರಮಾವನ ಶೆಡ್ ಇದೆ. ಮಾವ ಇಲ್ಲಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬೆರಳಲ್ಲೇ ಹಿಡಿಯುವ ಕೈ ಅವರದು. ಹೋದ ವರ್ಷ ಆ ಶೆಡ್ಡಿಗೆ ಮೂರು ಹಳೆಯ ಲ್ಯಾಂಬ್ರೆಟಾ ಸ್ಕೂಟರ್ ಬಂದು ಬಿದ್ದವು. ಒಂದಕ್ಕೆ ಆರ್‌ಸಿ ಪುಸ್ತಕ ಇತ್ತು, ಎಂಜಿನ್ ಇರಲಿಲ್ಲ. ಫ್ರೇಮಿನ ತಳ ತುಕ್ಕು ಹಿಡಿದಿತ್ತು. ಎರಡನೆಯದು ಯಾವುದೋ ಕಾಲದಲ್ಲಿ ಎದುರಿಗೆ ಗುದ್ದಿಸಿಕೊಂಡದ್ದು. ಮೂತಿ ಸೊಟ್ಟ, ತಳ ಮಾತ್ರ ಗಟ್ಟಿ. ಮೂರನೆಯದರಲ್ಲಿ ಎಂಜಿನ್ ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಗುಜರಿ ಅಂಗಡಿಯಿಂದ ಕೆ.ಜಿ. ಲೆಕ್ಕದಲ್ಲಿ ತಂದದ್ದು.

ಮೂರನ್ನೂ ಸೇರಿಸಿ ಒಂದು ಗಾಡಿ ಮಾಡಬೇಕು. ನಾನು ಎಂಜಿನ್ ನೋಡುತ್ತಾ ನಿಂತಿದ್ದೆ. ಮಾವ ಫ್ರೇಮಿನ ಪಕ್ಕ ಕುಕ್ಕುರುಗಾಲಲ್ಲಿ ಕೂತಿದ್ದರು. "ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತೆ ಅಷ್ಟೇ ಕಣಪ್ಪ. ಫ್ರೇಮ್ ಕೆಟ್ಟರೆ ಬೀಳಿಸುತ್ತೆ" ಅಂದರು.

ಲ್ಯಾಂಬ್ರೆಟಾದ ತಗಡುಗಳನ್ನೆಲ್ಲ ಬಿಚ್ಚಿದರೆ ಉಳಿಯುವುದು ಒಂದು ದಪ್ಪ ಪೈಪು. ಹ್ಯಾಂಡಲ್ ಕೂರುವ ಕತ್ತಿನಿಂದ ಹೊರಟು ಕೆಳಗಿಳಿಯುತ್ತದೆ. ಕಾಲಿಡುವ ಜಾಗದ ಅಡಿಯಲ್ಲಿ ಹಾದು, ಮತ್ತೆ ಮೇಲೆದ್ದು ಎಂಜಿನ್ ಇರುವಲ್ಲಿಗೆ ಬರುತ್ತದೆ. ಸವಾರ, ಹಿಂದೆ ಕೂತವರು, ಮುಂದೆ ಇಟ್ಟ ಅಕ್ಕಿ ಮೂಟೆ, ಎಲ್ಲದರ ಭಾರ ಹೊರುವುದು ಅದೇ.

ಈ ಪೈಪಿನ ಹಿಂದೆ ಒಂದು ಜಗಳ ಇದೆ. ಲ್ಯಾಂಬ್ರೆಟಾ ಮಾಡಿಸಿದ ಫರ್ಡಿನಾಂಡೊ ಇನೊಚೆಂಟಿ ಮೂಲದಲ್ಲಿ ಉಕ್ಕಿನ ಪೈಪಿನ ಉದ್ಯಮಿ. ಕಟ್ಟಡಗಳಿಗೆ ಸಾರುವೆ ಹಾಕುವ ಪೈಪು, ಅದನ್ನು ಬಿಗಿಯುವ ಕ್ಲಾಂಪು ಮಾಡಿ ಹೆಸರಾದವರು. ಇಟಲಿಯಲ್ಲಿ ಸಾರುವೆ ಪೈಪಿಗೆ ಇವತ್ತಿಗೂ ಅವರ ಹೆಸರೇ. ಮಿಲಾನ್ ನಗರದ ಲ್ಯಾಂಬ್ರಾಟೆಯಲ್ಲಿದ್ದ ಅವರ ಕಾರ್ಖಾನೆ ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಸಿಕ್ಕಿತು. ಯುದ್ಧ ಮುಗಿದ ಮೇಲೆ ಜನಕ್ಕೆ ಕಡಿಮೆ ಬೆಲೆಯ ಗಾಡಿ ಬೇಕಾಗಿತ್ತು. ಹೆಲಿಕಾಪ್ಟರ್ ಕಟ್ಟಿದ್ದ ಕೊರಾಡಿನೊ ದಸ್ಕಾನಿಯೊ ಎಂಬ ಎಂಜಿನಿಯರ್ ಸ್ಕೂಟರಿನ ಕೆಲಸ ಮೊದಲು ಶುರು ಮಾಡಿದ್ದು ಇನೊಚೆಂಟಿಯವರ ಜೊತೆಯಲ್ಲೇ. ಅವರಿಗೆ ತಗಡನ್ನು ಒತ್ತಿ ಮಾಡಿದ ಮೈ ಬೇಕು, ಇನೊಚೆಂಟಿಗೆ ಪೈಪೇ ಬೇಕು. ಹೊಂದಲಿಲ್ಲ. ದಸ್ಕಾನಿಯೊ ಪಿಯಾಜಿಯೊ ಕಂಪನಿಗೆ ಹೋದರು. 1946ರಲ್ಲಿ ತಗಡಿನ ಮೈಯ ವೆಸ್ಪಾ ಬಂತು, 1947ರಲ್ಲಿ ಪೈಪಿನ ಲ್ಯಾಂಬ್ರೆಟಾ ಬಂತು. ಒಂದು ಭಿನ್ನಾಭಿಪ್ರಾಯದಿಂದ ಎರಡು ಸ್ಕೂಟರ್ ಹುಟ್ಟಿದವು.

ಪೈಪು ಯಾಕೆ? ಚಿಕ್ಕಂದಿನಲ್ಲಿ ಪಪ್ಪಾಯಿ ಎಲೆಯ ದಂಟು ಕಿತ್ತು ಪೀಪಿ ಊದಿದ್ದೀರಿ ಅಲ್ವಾ? ಒಳಗೆ ಟೊಳ್ಳು. ಆದರೂ ಕೊಡೆಯಂಥ ಆ ಎಲೆಯನ್ನು ಗಾಳಿಯಲ್ಲಿ ಎತ್ತಿ ಹಿಡಿದಿರುತ್ತದೆ. ಬಿದಿರೂ ಹಾಗೇ. ಒಂದು ಕೋಲನ್ನು ಬಗ್ಗಿಸಿದಾಗ ಅದರ ಒಂದು ಪಕ್ಕ ಎಳೆದುಕೊಳ್ಳುತ್ತದೆ, ಇನ್ನೊಂದು ಪಕ್ಕ ಒತ್ತಿಕೊಳ್ಳುತ್ತದೆ. ನಟ್ಟನಡುವೆ ಇರುವ ವಸ್ತುವಿಗೆ ಹೆಚ್ಚು ಕೆಲಸವೇ ಇಲ್ಲ. ಸುಮ್ನೆ ಭಾರ. ಆ ವಸ್ತುವನ್ನು ನಡುವಿನಿಂದ ತೆಗೆದು ಹೊರಗಿನ ಅಂಚಿಗೆ ಸಾಗಿಸಿದರೆ ಅದೂ ದುಡಿಯುತ್ತದೆ.

ಲೆಕ್ಕ ಮಾಡಿ ನೋಡೋಣ. 50 ಮಿಲಿಮೀಟರ್ ದಪ್ಪದ, 2 ಮಿಲಿಮೀಟರ್ ಗೋಡೆಯ ಒಂದು ಉಕ್ಕಿನ ಪೈಪು ತಗೊಳ್ಳಿ. ಅಷ್ಟೇ ಉಕ್ಕನ್ನು, ಅಷ್ಟೇ ಉದ್ದದ ಗಟ್ಟಿ ಸಲಾಕೆ ಮಾಡಿದರೆ ಅದರ ದಪ್ಪ 20 ಮಿಲಿಮೀಟರ್‌ಗಿಂತ ಒಂಚೂರು ಕಡಿಮೆ ಆಗುತ್ತದೆ. ಎರಡರ ತೂಕ ಒಂದೇ. ಆದರೆ ಬಗ್ಗಿಸಲು ಹೋದರೆ ಪೈಪು ಸಲಾಕೆಗಿಂತ 12 ಪಟ್ಟು ಜಾಸ್ತಿ ಬಿಗಿ. ಹಾಗಂತ ಪೈಪನ್ನು ಇನ್ನೂ ಅಗಲ, ಇನ್ನೂ ತೆಳು ಮಾಡುತ್ತಾ ಹೋಗಲಾಗುವುದಿಲ್ಲ. ಒಂದು ಹಂತ ದಾಟಿದರೆ ಎಣ್ಣೆ ಡಬ್ಬದ ಹಾಗೆ ನಜ್ಜುಗುಜ್ಜಾಗುತ್ತದೆ.

ತಿರುಚುವಿಕೆಯ ವಿಷಯ ಇನ್ನೂ ಸೊಗಸು. ಸ್ಕೂಟರ್ ಓಡುವಾಗ ಮುಂದಿನ ಚಕ್ರ ಒಂದು ಕಡೆ ವಾಲಲು ನೋಡುತ್ತದೆ, ಹಿಂದಿನದು ಇನ್ನೊಂದು ಕಡೆ. ನಡುವಿನ ಪೈಪು ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳಬಾರದು. ಒಂದು ಹಾಳೆಯನ್ನು ಸುರುಳಿ ಸುತ್ತಿ ಎರಡೂ ತುದಿ ಹಿಡಿದು ತಿರುಚಿ. ಆರಾಮಾಗಿ ತಿರುಗುತ್ತದೆ. ಈಗ ಸುರುಳಿಯ ಅಂಚನ್ನು ಉದ್ದಕ್ಕೂ ಗೋಂದಿನಲ್ಲಿ ಅಂಟಿಸಿ, ಒಣಗಿಸಿ, ಮತ್ತೆ ತಿರುಚಿ. ಕೈಗೇ ಗೊತ್ತಾಗುತ್ತದೆ. ನಮ್ಮ 50 ಮಿಲಿಮೀಟರ್ ಪೈಪನ್ನು ಉದ್ದಕ್ಕೂ ಒಂದು ಗೀರು ಸೀಳಿಬಿಟ್ಟರೆ, ತಿರುಚುವಿಕೆಯ ಎದುರು ಅದರ ಬಿಗಿ 400ರಲ್ಲಿ ಒಂದು ಭಾಗಕ್ಕಿಂತಲೂ ಕೆಳಗಿಳಿಯುತ್ತದೆ. ಉಕ್ಕು ಅಷ್ಟೇ ಇದೆ, ತೂಕ ಅಷ್ಟೇ ಇದೆ, ಒಂದು ಸೀಳು ಮಾತ್ರ ಬಂದಿದೆ. ಫ್ರೇಮಿನಲ್ಲಿ ಬಿರುಕು ಕಂಡರೆ ಮಾವ ಬೆಚ್ಚುವುದು ಇದಕ್ಕೇ.

ತುಕ್ಕಿನ ಅಪಾಯವೂ ಅಲ್ಲೇ. ಅದು ಪೈಪಿನ ಒಳಗಿನಿಂದ ತಿನ್ನುತ್ತದೆ. ಒಳಗೆ ಇಳಿದ ನೀರು ತೀರಾ ತಗ್ಗಿನ ಜಾಗದಲ್ಲಿ, ಅಂದರೆ ಕಾಲಿಡುವ ಜಾಗದ ಅಡಿಯಲ್ಲಿ ನಿಲ್ಲುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ. ಮಾವ ಒಂದು ಸಣ್ಣ ಸುತ್ತಿಗೆ ತಗೊಂಡು ಪೈಪಿನುದ್ದಕ್ಕೂ ಬೆರಳಗಲ ಬಿಟ್ಟು ಬಿಟ್ಟು ತಟ್ಟಿದರು. ಕತ್ತಿನ ಹತ್ತಿರ 'ಣಿಂಗ್' ಅಂತ ದನಿ ಹೊರಟು ಸ್ವಲ್ಪ ಹೊತ್ತು ಉಳಿಯಿತು. ಕೆಳಗಿನ ತಿರುವಿಗೆ ಬಂದ ಹಾಗೆ ದನಿ ಮಂಕಾಯಿತು. ತಳದಲ್ಲಿ ಬರೀ 'ಡಬ್'. ಒಳ್ಳೆಯ ಉಕ್ಕು ಕಂಪಿಸುತ್ತದೆ. ಪದರ ಎದ್ದ ತುಕ್ಕು ಆ ಕಂಪನವನ್ನು ನುಂಗಿಬಿಡುತ್ತದೆ. 'ಡಬ್' ಅಂದ ಕಡೆಯಿಂದ 'ಣಿಂಗ್' ಅನ್ನುವ ಕಡೆಗೆ ನಾಲ್ಕು ಬೆರಳು ದಾಟಿ ಸೀಮೆಸುಣ್ಣದ ಗೆರೆ ಎಳೆದರು. ಎರಡೂ ಪಕ್ಕ ಹಾಗೇ. ನಡುವಿನ ತುಂಡನ್ನು ಕೊಯ್ದು ತೆಗೆದಾಗ ಒಳಗಿನಿಂದ ಕೆಂಪು ಪುಡಿ ಒಂದು ಬೊಗಸೆ ಸುರಿಯಿತು.

ಆ ಜಾಗಕ್ಕೆ ಎರಡನೇ ಸ್ಕೂಟರಿನ ತಳದ ಪೈಪು ಬಂತು. ಹಳೆಯ ಪೈಪಿಗೆ ಹೊಸ ತುಂಡನ್ನು ಬರೀ ಮೂತಿಗೆ ಮೂತಿ ಇಟ್ಟು ವೆಲ್ಡ್ ಮಾಡಲಿಲ್ಲ. ಒಳಗೆ ಬಿಗಿಯಾಗಿ ಕೂರುವ ಹಾಗೆ ಒಂದು ಗಿಡ್ಡ ಒಳಪೈಪನ್ನು ಲೇತಿನಲ್ಲಿ ಕಡೆದು, ಎರಡೂ ಕಡೆ ಅಂಗೈಯಗಲ ಒಳಗೆ ಹೋಗುವಂತೆ ತೂರಿಸಿದರು. ಕೊಯ್ದದ್ದೂ ನೇರಕ್ಕಲ್ಲ, ಓರೆಗೆ. ನೇರಕ್ಕೆ ಕೊಯ್ದರೆ ಬೆಸುಗೆಯ ಪೂರ್ತಿ ಸುತ್ತು ಪೈಪಿನ ಒಂದೇ ಜಾಗದಲ್ಲಿ ಬೀಳುತ್ತದೆ. ಓರೆಗೆ ಕೊಯ್ದರೆ ಅದು ಉದ್ದಕ್ಕೆ ಹಂಚಿಹೋಗುತ್ತದೆ.

ವೆಲ್ಡಿಂಗ್ ಬಗ್ಗೆ ನನಗೆ ಹಳೆಯ ನೋವಿದೆ. ಹಿಂದೊಮ್ಮೆ ನನ್ನ ಮೊಪೆಡ್ ಫ್ರೇಮನ್ನು ಒಂದು ಕಡೆ ಅವಸರದಲ್ಲಿ ಬೆಸುಗೆ ಹಾಕಿಸಿದ್ದೆ. ಆಮೇಲೆ ಅದು ಯಾವಾಗಲೂ ಎಡಕ್ಕೆ ಎಳೆಯುತ್ತಿತ್ತು. ಕಾರಣ ಈಗ ತಿಳಿಯಿತು. ಉಕ್ಕು ಕರಗುವುದು ಸುಮಾರು 1500 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಒಂದು ಮೀಟರ್ ಉಕ್ಕು ಪ್ರತಿ 100 ಡಿಗ್ರಿಗೆ ಸುಮಾರು 1.2 ಮಿಲಿಮೀಟರ್ ಹಿಗ್ಗುತ್ತದೆ, ತಣಿಯುವಾಗ ಅಷ್ಟೇ ಕುಗ್ಗುತ್ತದೆ. ಒಂದೇ ಪಕ್ಕ ಬೆಸುಗೆ ಹಾಕುತ್ತಾ ಹೋದರೆ ಆ ಪಕ್ಕ ತಣಿಯುವಾಗ ಇಡೀ ಪೈಪನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಮಾವ ಮೊದಲು ಮೇಲೆ ಒಂದು ಚುಕ್ಕೆ ಬೆಸುಗೆ ಹಾಕಿದರು, ಆಮೇಲೆ ಕೆಳಗೆ, ಆಮೇಲೆ ಎಡಕ್ಕೆ, ಆಮೇಲೆ ಬಲಕ್ಕೆ. ಪ್ರತಿ ಚುಕ್ಕೆ ಆದ ಮೇಲೂ ಕಾದು, ಅಳೆದು, ಮುಂದೆ ಹೋದರು. ಎರಡು ಬೆಸುಗೆಗೆ ಒಂದು ಇಡೀ ದಿನ ಹಿಡಿಯಿತು.

ಇಷ್ಟು ಎಚ್ಚರ ಯಾಕೆಂದರೆ ಹ್ಯಾಂಡಲ್ಲಿನ ಕತ್ತು. ಆಸ್ಪತ್ರೆಯ ತಳ್ಳುಗಾಡಿಯ ಸಣ್ಣ ಚಕ್ರಗಳನ್ನು ನೋಡಿ. ತಿರುಗುವ ಕಂಬ ಮುಂದೆ, ಚಕ್ರ ನೆಲ ಮುಟ್ಟುವ ಜಾಗ ಹಿಂದೆ. ತಳ್ಳಿದರೆ ಚಕ್ರ ತಾನಾಗಿ ಹಿಂದಕ್ಕೆ ಸರಿದು ನೆಟ್ಟಗಾಗುತ್ತದೆ. ಸ್ಕೂಟರಿನಲ್ಲೂ ಅಷ್ಟೇ. ಕತ್ತಿನ ಓರೆಗೆರೆಯನ್ನು ನೆಲದವರೆಗೆ ಎಳೆದರೆ, ಅದು ಚಕ್ರ ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಹೋಗಿ ಬೀಳುತ್ತದೆ. ಈ ಅಂತರಕ್ಕೆ ಟ್ರೇಲ್ ಅನ್ನುತ್ತಾರೆ. ನೇರ ರಸ್ತೆಯಲ್ಲಿ ಗಾಡಿ ತಾನಾಗಿ ನೆಟ್ಟಗೆ ಹೋಗಲು ಇದೇ ದೊಡ್ಡ ಆಸರೆ. ಲ್ಯಾಂಬ್ರೆಟಾದಂಥ 10 ಇಂಚಿನ ಚಕ್ರದಲ್ಲಿ ಕತ್ತಿನ ಕೋನ ಒಂದೇ ಒಂದು ಡಿಗ್ರಿ ಬದಲಾದರೂ ಟ್ರೇಲ್ ಸುಮಾರು 4 ಮಿಲಿಮೀಟರ್ ಬದಲಾಗುತ್ತದೆ. ಕತ್ತು ಪಕ್ಕಕ್ಕೆ ವಾಲಿದರೆ ಇನ್ನೂ ಕಷ್ಟ. ಎರಡು ಚಕ್ರ ಬೇರೆ ಬೇರೆ ದಾರಿ ಹಿಡಿಯುತ್ತವೆ.

ಅಳೆಯಲು ಮಾವ ಬಳಸಿದ್ದು ಗಾರೆ ಕೆಲಸದವರ ಸಾಮಾನು: ತೂಗುಗುಂಡು, ರಸಮಟ್ಟ, ದಾರ. ಲ್ಯಾಂಬ್ರೆಟಾದ ಮುಂದಿನ, ಹಿಂದಿನ ಚಕ್ರ ಎರಡೂ ಒಂದೇ ಅಳತೆ. ಹಾಗಾಗಿ ಚಕ್ರಗಳ ಪಕ್ಕದಲ್ಲಿ ಒಂದು ದಾರ ಬಿಗಿಯಾಗಿ ಎಳೆದರೆ ಅದು ಎರಡೂ ಟೈರುಗಳ ಹಿಂದು ಮುಂದಿಗೆ, ಒಟ್ಟು ನಾಲ್ಕು ಕಡೆ ತಾಗಬೇಕು. ಒಂದು ಕಡೆ ಬೆಳಕು ಕಂಡರೂ ಸೊಟ್ಟ.

ಎಂಜಿನ್ ಕಥೆ ಚಿಕ್ಕದು. 1970ರ ದಶಕದ ಆರಂಭದಲ್ಲಿ ಮಿಲಾನಿನಲ್ಲಿ ಲ್ಯಾಂಬ್ರೆಟಾ ತಯಾರಿಕೆ ನಿಂತಾಗ ಅದರ ಯಂತ್ರಗಳು ಲಕ್ನೋಗೆ ಬಂದವು. ಸ್ಕೂಟರ್ಸ್ ಇಂಡಿಯಾ ಲಿಮಿಟೆಡ್ 1972ರಲ್ಲಿ ಶುರುವಾಯಿತು. ನಮ್ಮ ಅಪ್ಪಂದಿರ ಕಾಲದ ವಿಜಯ್ ಸೂಪರ್ ಅಲ್ಲಿಂದಲೇ ಬಂದದ್ದು. ನಮ್ಮ ಮೂರನೇ ಗುಜರಿ ಗಾಡಿ ಅದೇ. ಅದರ ಎಂಜಿನ್ ಮುಂಬೈನಲ್ಲಿ ತಯಾರಾದ ಹಳೆಯ ಲ್ಯಾಂಬ್ರೆಟಾ ಫ್ರೇಮಿನಲ್ಲಿ ಮನೆಗೆ ಬಂದ ಮಗನ ಹಾಗೆ ಕೂತಿತು. ಇದರಲ್ಲಿ ಎಂಜಿನ್ನೇ ಹಿಂದಿನ ಚಕ್ರದ ತೋಳು. ಹಳ್ಳ ಬಂದರೆ ಚಕ್ರದ ಜೊತೆ ಇಡೀ ಎಂಜಿನ್ ಏರಿಳಿಯುತ್ತದೆ. ಚೈನು ಅದೇ ಪೆಟ್ಟಿಗೆಯ ಒಳಗಿರುವುದರಿಂದ ಏರಿಳಿತಕ್ಕೆ ಅದು ಸಡಿಲವೂ ಆಗದು, ಬಿಗಿಯೂ ಆಗದು.

ಕಾಗದದ ವಿಷಯವನ್ನೂ ಹೇಳಿಬಿಡುತ್ತೇನೆ. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರಿನಲ್ಲಿ 'ವಿಎ' ಅಕ್ಷರ ಬರುತ್ತದೆ. ಆದರೆ ಫ್ರೇಮ್, ಮೈ, ಎಂಜಿನ್ ದೊಡ್ಡ ಬದಲಾವಣೆ ಇಲ್ಲದೆ ಮೂಲ ರೂಪದಲ್ಲೇ ಇರಬೇಕು. ನಮ್ಮದು ಮೂರು ಗಾಡಿಯ ಕೂಡಿಕೆ, ಆ ಆಸೆ ಬಿಟ್ಟೆವು. ಹಳೆಯ ಆರ್‌ಸಿಯಲ್ಲೇ ಉಳಿಸಿಕೊಂಡು, ಎಂಜಿನ್ ನಂಬರ್ ಬದಲಾವಣೆಯನ್ನು ಆರ್‌ಟಿಒದಲ್ಲಿ ಬರೆಸಿದೆವು. ಇಂಥ ಕೆಲಸಕ್ಕೆ ಇಳಿಯುವವರು ಚಾಸಿ ನಂಬರ್ ಇರುವ ತುಂಡನ್ನು ಮಾತ್ರ ಕೊಯ್ಯಬೇಡಿ.

ಹೋದ ಭಾನುವಾರ ದೇವರಾಯನದುರ್ಗದ ಕಡೆ ಹೋಗಿ ಬಂದೆ. ಬೆಟ್ಟದ ತಿರುವುಗಳಲ್ಲಿ ಹ್ಯಾಂಡಲ್ಲನ್ನು ಬೆರಳ ತುದಿಯಲ್ಲೇ ಹಿಡಿದಿದ್ದೆ. ಶೆಡ್ಡಿಗೆ ಬಂದಾಗ ಮಾವ ಹೇಗಿತ್ತು ಅಂತ ಕೇಳಲಿಲ್ಲ. ಪಕ್ಕದ ತಗಡು ಬಿಚ್ಚಿ, ದಾರ ಎಳೆದು, ಒಂದು ಕಣ್ಣು ಮುಚ್ಚಿ ನೋಡಿದರು. ನಾಲ್ಕೂ ಕಡೆ ತಾಗಿತ್ತು. ಆಮೇಲೆ ಸುತ್ತಿಗೆ ತಗೊಂಡು ಬೆಸುಗೆಯ ಆಚೆ ಈಚೆ ತಟ್ಟಿದರು. 'ಣಿಂಗ್.'