ಕಿಡ್ನಿ ಕಸಿಯಾದವರು ಮನೆಯ ಮೊಸರು ತಿನ್ನಬಹುದೇ?

ಪ್ರಶ್ನೆ: ನಮ್ಮ ಯಜಮಾನರಿಗೆ ಕಿಡ್ನಿ ಕಸಿಯಾಗಿ ಏಳು ತಿಂಗಳಾಗಿದೆ, ಟ್ಯಾಕ್ರೊಲಿಮಸ್ ಮತ್ತು ಮೈಕೊಫಿನೊಲೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮೊಸರಿನಲ್ಲಿ ಬ್ಯಾಕ್ಟೀರಿಯಾ ಇರುತ್ತದೆ, ಕೊಡಬೇಡಿ ಎಂದು ಬಂಧುಗಳು ಹೇಳುತ್ತಾರೆ. ಮೊಸರನ್ನವಿಲ್ಲದೆ ಅವರಿಗೆ ಊಟ ಮುಗಿಯುವುದೇ ಇಲ್ಲ. ಏನು ಮಾಡಲಿ?

ಉತ್ತರ: ಹಾಲನ್ನು ಉಕ್ಕುವಂತೆ ಕಾಯಿಸಿ ಮನೆಯಲ್ಲೇ ಹೆಪ್ಪು ಹಾಕಿದ್ದಾದರೆ ಸಾಮಾನ್ಯವಾಗಿ ಕೊಡಬಹುದು. ಕಸಿಯ ಮೊದಲ ಕೆಲವು ತಿಂಗಳು ಔಷಧದ ಪ್ರಮಾಣ ಹೆಚ್ಚಿರುವುದರಿಂದ ಕೆಲವು ವೈದ್ಯರು ಮೊಸರನ್ನೂ ಬೇಡವೆನ್ನುತ್ತಾರೆ. ನಿಮ್ಮ ವೈದ್ಯರು ಹಾಗೆ ಹೇಳಿದ್ದರೆ ಅವರ ಮಾತೇ ಅಂತಿಮ.

ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲೆಂದು ಕೊಡುವ ಈ ಮಾತ್ರೆಗಳು ರೋಗಾಣುಗಳೊಡನೆ ಹೋರಾಡುವ ಶಕ್ತಿಯನ್ನೂ ಕುಗ್ಗಿಸುತ್ತವೆ. ಆದರೆ ಇಲ್ಲಿ ಭಯಪಡಬೇಕಾದದ್ದು ಹಾಲನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಾಕ್ಕಲ್ಲ, ಕಾಯಿಸದ ಹಾಲಿನಿಂದಲೋ ಪಕ್ಕದ ಮನೆಯಿಂದ ತಂದ ಹೆಪ್ಪಿನಿಂದಲೋ ತೊಳೆಯದ ಸೌಟಿನಿಂದಲೋ ಸೇರಿಕೊಳ್ಳುವ ಸಾಲ್ಮೊನೆಲ್ಲಾ, ಲಿಸ್ಟೀರಿಯಾಗಳಂಥವಕ್ಕೆ. ಲಿಸ್ಟೀರಿಯಾ ಫ್ರಿಜ್ಜಿನ ತಣ್ಣನೆಯಲ್ಲೂ ಬೆಳೆಯುತ್ತದೆ. ಆದ್ದರಿಂದ ಮೊಸರನ್ನು ದಿನಗಟ್ಟಲೆ ಇಡದೆ ಹೊಸದಾಗಿ ಮಾಡಿಕೊಳ್ಳುವುದು ಒಳ್ಳೆಯದು. ಜೀವಂತ ಬ್ಯಾಕ್ಟೀರಿಯಾ ತುಂಬಿದ ಪ್ರೊಬಯಾಟಿಕ್ ಕ್ಯಾಪ್ಸೂಲ್‌ಗಳ ಲೆಕ್ಕ ಬೇರೆ, ಅವುಗಳನ್ನು ವೈದ್ಯರನ್ನು ಕೇಳದೆ ಕೊಡಬೇಡಿ.

ನಿಜ ಹೇಳಬೇಕೆಂದರೆ, ನನಗೆ ಮೊಸರಿಗಿಂತ ಅದರ ಪಕ್ಕದಲ್ಲಿ ಬಡಿಸುವವುಗಳ ಚಿಂತೆಯೇ ಹೆಚ್ಚು. ರಾಮನವಮಿಯ ಪಾನಕ, ನೀರುಮಜ್ಜಿಗೆ, ಕೋಸಂಬರಿಗಳನ್ನೇ ನೋಡಿ: ಮೂರೂ ಒಲೆ ಕಾಣದವು, ಮೂರಕ್ಕೂ ಯಾವ ನೀರು ಬಳಸಿದರೆಂಬುದು ತಿನ್ನುವವರಿಗೆ ತಿಳಿಯದು. ಬೇಡವೆನ್ನಲು ಮನಸ್ಸಾಗದಿದ್ದರೆ, ಕುದಿಸಿ ಆರಿಸಿದ ನೀರಿನಲ್ಲಿ ಮನೆಯಲ್ಲೇ ಪಾನಕ, ಮಜ್ಜಿಗೆ ಮಾಡಿ, ಹೆಸರುಬೇಳೆಯನ್ನು ಬೇಯಿಸಿ ಕೋಸಂಬರಿ ಕಲಸಿ. ಮೊಳಕೆ ಕಾಳುಗಳನ್ನಂತೂ ಹಸಿಯಾಗಿ ಕೊಡಲೇಬಾರದು. ಕಾಳು ಮೊಳೆಯಲು ಬೇಕಾದ ಬಿಸುಪು, ತೇವಗಳೇ ರೋಗಾಣುವಿಗೂ ಬೇಕು, ಎಷ್ಟು ತೊಳೆದರೂ ಅದು ಪೂರ್ತಿ ಹೋಗುವುದಿಲ್ಲ. ಹೋಟೆಲಿನ ತೆಂಗಿನಕಾಯಿ ಚಟ್ನಿಗೆ ಮೇಲೊಂದು ಒಗ್ಗರಣೆ ಬಿದ್ದ ಮಾತ್ರಕ್ಕೆ ಚಟ್ನಿ ಬೆಂದಂತಾಗುವುದಿಲ್ಲ.

ಮೊಸರನ್ನದಲ್ಲಿನ ಅನ್ನದ ಕಡೆಗೂ ಗಮನವಿರಲಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಉಳಿಯುತ್ತವೆ. ಅನ್ನ ರಾತ್ರಿಯಿಡೀ ಹೊರಗಿದ್ದರೆ ಬೆಳೆದು ವಿಷವನ್ನು ಉಂಟುಮಾಡುತ್ತವೆ, ಬೆಳಿಗ್ಗೆ ಅದನ್ನೇ ಚಿತ್ರಾನ್ನ ಮಾಡಿದರೂ ಆ ವಿಷ ನಾಶವಾಗುವುದಿಲ್ಲ. ಉಳಿದ ಅನ್ನವನ್ನು 2 ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಬೇಸಿಗೆಯಲ್ಲಿ 1 ಗಂಟೆಯೇ ಹೆಚ್ಚು.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಚಕ್ಕೋತದ ಹಣ್ಣು ಬೇಡ, ಅದು ದೇವನಹಳ್ಳಿಯ ಹೆಸರಾಂತ ಚಕ್ಕೋತವೇ ಆಗಿರಲಿ. ಇಲ್ಲಿ ರೋಗಾಣುವಿನ ಮಾತಿಲ್ಲ. ಗ್ರೇಪ್‌ಫ್ರೂಟ್ ಮತ್ತು ಅದರ ಹತ್ತಿರದ ಸಂಬಂಧಿಯಾದ ಚಕ್ಕೋತದಲ್ಲಿರುವ ಕೆಲವು ಅಂಶಗಳು ಟ್ಯಾಕ್ರೊಲಿಮಸ್ ಅನ್ನು ಒಡೆಯುವ ಕರುಳಿನ ಕಿಣ್ವವನ್ನು ತಡೆಯುವುದರಿಂದ, ರಕ್ತದಲ್ಲಿ ಔಷಧದ ಮಟ್ಟ ಏರಿ ಹೊಸ ಕಿಡ್ನಿಗೇ ಹಾನಿಯಾಗಬಹುದು.

ಭೇದಿಯಾದಾಗಲೂ ಟ್ಯಾಕ್ರೊಲಿಮಸ್ ಮಟ್ಟ ಹೀಗೆಯೇ ಏರುವುದುಂಟು. ಆದ್ದರಿಂದ ಭೇದಿ, ವಾಂತಿ ಅಥವಾ ಜ್ವರ ಕಾಣಿಸಿಕೊಂಡರೆ ಮನೆಮದ್ದಿನಲ್ಲಿ ದಿನ ಕಳೆಯದೆ, ಮಾತ್ರೆಯನ್ನು ನೀವಾಗಿಯೇ ನಿಲ್ಲಿಸದೆ, ಅಂದೇ ಕಸಿ ವಿಭಾಗಕ್ಕೆ ಫೋನ್ ಮಾಡಿ.