ಒಳಗೆಳೆದುಕೊಂಡ ಆಮ್ಲಜನಕ ಕೊನೆಗೆ ಏನಾಗುತ್ತದೆ?

ಓದುಗರ ಪ್ರಶ್ನೆ: ತಿಂದ ಆಹಾರ ಜೀವಕೋಶದಲ್ಲಿ ಆಮ್ಲಜನಕದ ನೆರವಿನಿಂದ ‘ಉರಿದು’ ಶಕ್ತಿ ಬಿಡುಗಡೆಯಾಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಮೈಯ ಬಿಸಿ 37 ಡಿಗ್ರಿ ಸೆಲ್ಸಿಯಸ್ ದಾಟದೆ ಯಾವುದಾದರೂ ಉರಿಯುವುದು ಹೇಗೆ ಸಾಧ್ಯ? ನಾವು ಒಳಗೆಳೆದುಕೊಂಡ ಆಮ್ಲಜನಕವೇ ಆಹಾರದ ಇಂಗಾಲದೊಡನೆ ಕೂಡಿ ಇಂಗಾಲದ ಡೈಆಕ್ಸೈಡ್ ಆಗಿ ಹೊರಬರುತ್ತದೆಯೇ?

ಉತ್ತರ: ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದರ ಉತ್ತರ ತಿಳಿದರೆ ಮೊದಲನೆಯದರ ಗಂಟು ಮುಕ್ಕಾಲು ಪಾಲು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಇಲ್ಲ, ಹಾಗೆ ಆಗುವುದಿಲ್ಲ. ಶಕ್ತಿ ಬಿಡುಗಡೆಯ ಈ ದಾರಿಯಲ್ಲಿ ನಾವು ಉಸಿರಾಡಿದ ಆಮ್ಲಜನಕವು ಆಹಾರದ ಇಂಗಾಲವನ್ನು ಮುಟ್ಟುವುದೇ ಇಲ್ಲ, ಅದು ನೀರಾಗುತ್ತದೆ. ಹೊರಬಿಡುವ ಇಂಗಾಲದ ಡೈಆಕ್ಸೈಡ್ ತಯಾರಾಗುವುದು ಬೇರೊಂದು ಹಂತದಲ್ಲಿ, ಅದರಲ್ಲಿರುವ ಆಮ್ಲಜನಕ ಬರುವುದು ಆಹಾರದಿಂದ ಮತ್ತು ಕೋಶದಲ್ಲಿರುವ ನೀರಿನಿಂದ. ಪಠ್ಯಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಬರೆದಿರುವ ಸಮೀಕರಣ, ಅಂದರೆ ಒಂದು ಗ್ಲೂಕೋಸ್ ಅಣು ಮತ್ತು ಆರು ಆಮ್ಲಜನಕದ ಅಣುಗಳು ಸೇರಿ ಆರು ಇಂಗಾಲದ ಡೈಆಕ್ಸೈಡ್ ಮತ್ತು ಆರು ನೀರಿನ ಅಣುಗಳಾಗುತ್ತವೆ ಎಂಬುದು, ಲೆಕ್ಕವಾಗಿ ಸರಿಯಾದದ್ದು. ಆದರೆ ಅದು ಜಮಾ-ಖರ್ಚಿನ ಕೊನೆಯ ಸಾಲು ಮಾತ್ರ. ನಡುವೆ ಯಾವುದು ಯಾವುದರೊಡನೆ ಕೂಡಿತು ಎಂಬುದನ್ನು ಅದು ಹೇಳುವುದಿಲ್ಲ.

‘ಉರಿ’ ಎಂಬ ಮಾತು ಈ ವಿಷಯಕ್ಕೆ ಅಂಟಿಕೊಂಡದ್ದು ಫ್ರಾನ್ಸಿನಲ್ಲಿ. 1782–83ರ ಚಳಿಗಾಲದಲ್ಲಿ ರಸಾಯನವಿಜ್ಞಾನಿ ಲಾವೋಸಿಯೆ ಮತ್ತು ಗಣಿತಜ್ಞ ಲಾಪ್ಲಾಸ್ ಅವರು ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯೊಳಗೆ ಗಿನಿಪಿಗ್ ಒಂದನ್ನು ಕೂರಿಸಿ, ಅದರ ಮೈಬಿಸಿಗೆ ಕರಗಿದ ಮಂಜಿನ ನೀರನ್ನು ಅಳೆದರು; ಆ ಪ್ರಾಣಿ ಬಿಟ್ಟ ಇಂಗಾಲದ ಡೈಆಕ್ಸೈಡಿನಷ್ಟನ್ನೇ ಕೊಡುವಂತೆ ಇದ್ದಲನ್ನು ಸುಟ್ಟರೆ ಎಷ್ಟು ಮಂಜು ಕರಗುತ್ತದೆ ಎಂಬುದರೊಡನೆ ಅದನ್ನು ಹೋಲಿಸಿದರು. ಎರಡೂ ಹತ್ತಿರ ಹತ್ತಿರ ಬಂದವು. ಉಸಿರಾಟವೆಂದರೆ ನಿಧಾನವಾದ ದಹನ ಎಂದು ಅವರು ತೀರ್ಮಾನಿಸಿದರು. ಆ ಕಾಲಕ್ಕೆ ಅದು ಬಹಳ ದೊಡ್ಡ ಮಾತು, ಜೀವಿಯ ಬಿಸಿಗೂ ಒಲೆಯ ಬಿಸಿಗೂ ಒಂದೇ ರಸಾಯನಶಾಸ್ತ್ರ ಎಂಬುದನ್ನು ಅದು ಸ್ಥಾಪಿಸಿತು. ಆದರೆ ಲಾವೋಸಿಯೆ ಆ ದಹನ ಶ್ವಾಸಕೋಶದಲ್ಲಿ ನಡೆಯುತ್ತದೆ ಎಂದು ಭಾವಿಸಿದ್ದರು. ಅದು ಪ್ರತಿಯೊಂದು ಅಂಗದ ಕೋಶಗಳಲ್ಲಿಯೂ ನಡೆಯುತ್ತದೆ ಎಂಬುದು ಖಚಿತವಾಗಲು ಮುಂದೆ ಸುಮಾರು ನೂರು ವರ್ಷ ಬೇಕಾಯಿತು.

180 ಗ್ರಾಂ ಗ್ಲೂಕೋಸನ್ನು ತಟ್ಟೆಯಲ್ಲಿಟ್ಟು ಪೂರ್ತಿ ಸುಟ್ಟರೆ ಸುಮಾರು 2,800 ಕಿಲೋಜೂಲ್ ಶಾಖ ಬರುತ್ತದೆ. ಅದನ್ನೇ ಕೋಶಗಳು ಪೂರ್ತಿಯಾಗಿ ಒಡೆದರೂ ಒಟ್ಟು ಮೊತ್ತ ಅಷ್ಟೇ. ವ್ಯತ್ಯಾಸ ಇರುವುದು ಮೊತ್ತದಲ್ಲಲ್ಲ, ಇಳಿಯುವ ಬಗೆಯಲ್ಲಿ. ಬೆಂಕಿಯಲ್ಲಿ ಇಡೀ ಮೊತ್ತ ಒಂದೇ ಏಟಿಗೆ ಶಾಖವಾಗಿ ಚೆಲ್ಲಿಹೋಗುತ್ತದೆ. ಕೋಶದಲ್ಲಿ ಅದು ಹತ್ತಾರು ಮೆಟ್ಟಿಲುಗಳನ್ನು ಇಳಿಯುತ್ತದೆ, ಪ್ರತಿ ಮೆಟ್ಟಿಲಿಗೂ ಒಂದೊಂದು ಕಿಣ್ವ ಕಾವಲಿರುತ್ತದೆ, ಮತ್ತು ಕೆಲವು ಮೆಟ್ಟಿಲುಗಳಲ್ಲಿ ಬಿಡುಗಡೆಯಾದ ಶಕ್ತಿಯನ್ನು ಎಟಿಪಿ ಎಂಬ ಸಣ್ಣ ಅಣುವಿನ ರೂಪದಲ್ಲಿ ಹಿಡಿದಿಡಲಾಗುತ್ತದೆ. ಸ್ನಾಯು ಸಂಕುಚಿಸಲು, ನರಕೋಶ ಸಂಕೇತ ಕಳುಹಿಸಲು, ಹೊಸ ಪ್ರೋಟೀನ್ ಕಟ್ಟಲು ಕೋಶಕ್ಕೆ ಬೇಕಾಗುವುದು ಈ ಚಿಲ್ಲರೆಯೇ. ಗ್ಲೂಕೋಸ್ ಎಂಬ ದೊಡ್ಡ ನೋಟನ್ನು ಅಲ್ಲಿ ಯಾರೂ ನೇರವಾಗಿ ತೆಗೆದುಕೊಳ್ಳುವುದಿಲ್ಲ.

ಈ ಎಟಿಪಿಯನ್ನು ಮೊದಲು ಗುರುತಿಸಿದವರಲ್ಲಿ ಒಬ್ಬರು ನಮ್ಮ ನೆರೆಯ ಆಂಧ್ರದ ಭೀಮವರದಲ್ಲಿ ಹುಟ್ಟಿ, ಮದ್ರಾಸಿನಲ್ಲಿ ವೈದ್ಯಕೀಯ ಓದಿ, ಅಮೆರಿಕದ ಹಾರ್ವರ್ಡ್ ಸೇರಿದ ಯಲ್ಲಾಪ್ರಗಡ ಸುಬ್ಬರಾವ್. 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಒಂದು ಕಡೆ, ಸೈರಸ್ ಫಿಸ್ಕ್ ಮತ್ತು ಸುಬ್ಬರಾವ್ ಇನ್ನೊಂದು ಕಡೆ, ಬೇರೆ ಬೇರೆಯಾಗಿ ಇದನ್ನು ಸ್ನಾಯುವಿನಿಂದ ಪ್ರತ್ಯೇಕಿಸಿದರು. ನಮ್ಮ ಶಾಲೆಗಳಲ್ಲಿ ಎಟಿಪಿಯ ಪಾಠ ಮಾಡುವಾಗ ಈ ಹೆಸರನ್ನು ಒಮ್ಮೆಯಾದರೂ ಹೇಳಬೇಕು ಎಂದು ನಾನು ನಿಜವಾಗಿ ಬಯಸುತ್ತೇನೆ.

ಈಗ ಒಂದು ತುತ್ತು ಅನ್ನದ ಹಿಂದೆ ಹೋಗೋಣ. ಅದರ ಪಿಷ್ಟ ಬಾಯಲ್ಲಿ ಮತ್ತು ಕರುಳಿನಲ್ಲಿ ಗ್ಲೂಕೋಸಾಗಿ ಒಡೆದು, ರಕ್ತದ ಮೂಲಕ ಕೋಶವನ್ನು ತಲುಪುತ್ತದೆ. ಅಲ್ಲಿ ಮೊದಲ ಹಂತ ನಡೆಯುವುದು ಕೋಶದೊಳಗಿನ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದಲ್ಲಲ್ಲ, ಅದರ ಹೊರಗಿನ ಕೋಶರಸದಲ್ಲಿ. ಗ್ಲೈಕಾಲಿಸಿಸ್ ಎಂಬ ಹತ್ತು ಕ್ರಿಯೆಗಳ ಈ ಸರಣಿಯಲ್ಲಿ ಆರು ಇಂಗಾಲಗಳ ಗ್ಲೂಕೋಸ್ ತಲಾ ಮೂರು ಇಂಗಾಲಗಳ ಎರಡು ಪೈರುವೇಟ್ ಅಣುಗಳಾಗುತ್ತದೆ; ಎರಡು ಎಟಿಪಿ ಖರ್ಚಾಗಿ ನಾಲ್ಕು ಸಿಗುವುದರಿಂದ ಉಳಿಕೆ ಎರಡು. ಇಲ್ಲಿಯವರೆಗೆ ಆಮ್ಲಜನಕದ ಅಗತ್ಯವೇ ಇಲ್ಲ. ಇಡೀ ದೇಹಕ್ಕೆ ಆಮ್ಲಜನಕವನ್ನು ಹೊತ್ತು ತಿರುಗುವ ನಮ್ಮ ಕೆಂಪು ರಕ್ತಕಣಕ್ಕೆ ಮೈಟೊಕಾಂಡ್ರಿಯಗಳಿಲ್ಲ, ಹಾಗಾಗಿ ಅದು ಹೊತ್ತದ್ದರಲ್ಲಿ ಏನನ್ನೂ ಶಕ್ತಿಗಾಗಿ ತಾನು ಬಳಸದೆ, ಈ ಎರಡು ಎಟಿಪಿಗಳ ಆದಾಯದಲ್ಲಿಯೇ ಬದುಕುತ್ತದೆ. ಜೋರಾಗಿ ಓಡುವಾಗ ಸ್ನಾಯುಗಳೂ ಈ ದಾರಿಯನ್ನು ಹೆಚ್ಚಾಗಿ ಅವಲಂಬಿಸಿ ಪೈರುವೇಟನ್ನು ಲ್ಯಾಕ್ಟೇಟಾಗಿ ಮಾರ್ಪಡಿಸುತ್ತವೆ. (ಮರುದಿನದ ಮೈಕೈ ನೋವಿಗೆ ಲ್ಯಾಕ್ಟಿಕ್ ಆಮ್ಲವೇ ಕಾರಣ ಎಂಬ ನಂಬಿಕೆ ಸರಿಯಲ್ಲ, ಅದು ವ್ಯಾಯಾಮ ಮುಗಿದ ಒಂದೆರಡು ಗಂಟೆಗಳಲ್ಲೇ ರಕ್ತದಿಂದ ಖಾಲಿಯಾಗಿರುತ್ತದೆ.) ರಾತ್ರಿ ಮುಚ್ಚಿಟ್ಟ ಇಡ್ಲಿ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿ ಹುಳಿಯಾಗುವುದೂ ಆಮ್ಲಜನಕವನ್ನು ಬಳಸದೆ ಸಕ್ಕರೆಯನ್ನು ಒಡೆಯುವ ಜೀವಿಗಳಿಂದ; ಅಲ್ಲಿ ಮುಖ್ಯ ಕೆಲಸಗಾರ ಲ್ಯುಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯ, ಅದು ಲ್ಯಾಕ್ಟಿಕ್ ಆಮ್ಲವನ್ನೂ ಹಿಟ್ಟನ್ನು ಉಬ್ಬಿಸುವ ಇಂಗಾಲದ ಡೈಆಕ್ಸೈಡನ್ನೂ ಕೊಡುತ್ತದೆ.

ಆಮ್ಲಜನಕ ಸಾಕಷ್ಟಿದ್ದರೆ ಪೈರುವೇಟ್ ಮೈಟೊಕಾಂಡ್ರಿಯದೊಳಕ್ಕೆ ಹೋಗುತ್ತದೆ. ಅಲ್ಲಿ ಒಂದು ಇಂಗಾಲವನ್ನು ಡೈಆಕ್ಸೈಡ್ ಆಗಿ ಕಳೆದುಕೊಂಡು, ಉಳಿದ ಎರಡು ಇಂಗಾಲಗಳ ತುಣುಕಾಗಿ ಮುಂದಿನ ಹಂತಕ್ಕೆ ಸಾಗಬೇಕು. ಈ ಹೊಸ್ತಿಲನ್ನು ಕಾಯುವ ಕಿಣ್ವಕ್ಕೆ ಥಯಮಿನ್, ಅಂದರೆ ಬಿ1 ಜೀವಸತ್ವ, ಇಲ್ಲದೆ ಕೈಯಾಡುವುದಿಲ್ಲ. ಅನ್ನ ಉಣ್ಣುವ ನಾಡಿನವರಿಗೆ ಇದು ಬರಿಯ ಪಾಠದ ವಿಷಯವಲ್ಲ. ಥಯಮಿನ್ ಇರುವುದು ಬಹುಪಾಲು ಅಕ್ಕಿಯ ತೌಡಿನಲ್ಲಿ. ಗಿರಣಿಯಲ್ಲಿ ಪಾಲಿಶ್ ಮಾಡಿದಾಗ ಅದು ಉದುರಿ ಹೋಗುತ್ತದೆ. ಪಾಲಿಶ್ ಅಕ್ಕಿಯೊಂದನ್ನೇ ನೆಚ್ಚಿದ ಜನರಲ್ಲಿ ಕಾಲುಗಳು ಸೋತು, ನರಗಳು ದುರ್ಬಲವಾಗಿ, ಹೃದಯ ಕುಸಿಯುವ ಬೆರಿಬೆರಿ ರೋಗ ಏಷ್ಯಾದ ಹಲವು ಭಾಗಗಳಲ್ಲಿ ಸಾವಿರಾರು ಜೀವಗಳನ್ನು ತೆಗೆದುಕೊಂಡಿತು. 1890ರ ದಶಕದಲ್ಲಿ ಜಾವಾದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್, ಪಾಲಿಶ್ ಮಾಡಿದ ಅನ್ನ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ ಪಾಲಿಶ್ ಮಾಡದ ಅಕ್ಕಿ ಹಾಕಿದರೆ ಚೇತರಿಸಿಕೊಳ್ಳುವುದನ್ನೂ ಕಂಡರು. 1929ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಹೊಟ್ಟೆ ತುಂಬ ಉಂಡರೂ ಕೋಶ ಹಸಿದಿರುವ ಸ್ಥಿತಿ ಅದು: ಗ್ಲೂಕೋಸ್ ಬಂದಿದೆ, ಆಮ್ಲಜನಕವೂ ಇದೆ, ಆದರೆ ನಡುವಿನ ಬಾಗಿಲು ತೆರೆಯುವುದಿಲ್ಲ, ಪೈರುವೇಟ್ ಮತ್ತು ಲ್ಯಾಕ್ಟೇಟ್ ರಕ್ತದಲ್ಲಿ ಶೇಖರವಾಗುತ್ತವೆ. ದಕ್ಷಿಣ ಕನ್ನಡ ಮತ್ತು ಉಡುಪಿಯ ಕಡೆ ಗಂಜಿಗೆ ಬಳಸುವ ಕುಚ್ಚಲಕ್ಕಿಯ ಬೆಲೆ ಇಲ್ಲಿ ತಿಳಿಯುತ್ತದೆ. ಭತ್ತವನ್ನು ಸಿಪ್ಪೆ ಸಮೇತ ನೆನೆಸಿ ಬೇಯಿಸಿ ಒಣಗಿಸುವಾಗ, ನೀರಿನಲ್ಲಿ ಕರಗುವ ಥಯಮಿನ್ ತೌಡಿನಿಂದ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಗಿರಣಿಗೆ ಹಾಕಿದರೂ ಅದರಲ್ಲಿ ಬಹಳಷ್ಟು ಉಳಿಯುತ್ತದೆ.

ಬಾಗಿಲು ದಾಟಿದ ಎರಡು ಇಂಗಾಲಗಳ ತುಣುಕು ನಾಲ್ಕು ಇಂಗಾಲಗಳ ಒಂದು ಆಮ್ಲದೊಡನೆ ಕೂಡಿ ಸಿಟ್ರಿಕ್ ಆಮ್ಲವಾಗುತ್ತದೆ. ನಿಂಬೆಹಣ್ಣಿನ ಹುಳಿ ಇದೇ ವಸ್ತು. ಅಲ್ಲಿಂದ ಅದು ಒಂದೊಂದು ರೂಪ ತಾಳುತ್ತ, ಎರಡು ಇಂಗಾಲಗಳನ್ನು ಡೈಆಕ್ಸೈಡ್ ಆಗಿ ಬಿಟ್ಟು, ಮತ್ತೆ ಮೊದಲಿನ ನಾಲ್ಕು ಇಂಗಾಲಗಳ ಆಮ್ಲಕ್ಕೆ ಮರಳುತ್ತದೆ. ಈ ಚಕ್ರವನ್ನು 1937ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಬಿಡಿಸಿದವರು, ನಾಜಿ ಆಡಳಿತ ಕೆಲಸದಿಂದ ತೆಗೆದಿದ್ದರಿಂದ ಜರ್ಮನಿಯನ್ನು ಬಿಟ್ಟು ಬಂದಿದ್ದ ಹಾನ್ಸ್ ಕ್ರೆಬ್ಸ್. ಪಾರಿವಾಳದ ಎದೆಯ ಸ್ನಾಯುವಿನ ಮೇಲೆ ಅವರು ಮಾಡಿದ ಆ ಕೆಲಸದ ಟಿಪ್ಪಣಿಯನ್ನು ‘ನೇಚರ್’ ಪತ್ರಿಕೆ ಆಗ ಪ್ರಕಟಿಸದೆ ಹಿಂದಿರುಗಿಸಿತ್ತು. 1953ರಲ್ಲಿ ಅದೇ ಕೆಲಸಕ್ಕೆ ಅವರಿಗೆ ನೊಬೆಲ್ ಬಂದಿತು. ಕೊಬ್ಬು ಮತ್ತು ಪ್ರೋಟೀನುಗಳ ತುಣುಕುಗಳೂ ಕೊನೆಗೆ ಈ ಚಕ್ರಕ್ಕೇ ಬಂದು ಸೇರುತ್ತವೆ. ಆದರೆ ಇಲ್ಲಿ ನೇರವಾಗಿ ಸಿಗುವ ಎಟಿಪಿ ತೀರ ಕಡಿಮೆ, ಒಂದು ಗ್ಲೂಕೋಸಿಗೆ ಎರಡೇ ಎರಡು.

ಹಾಗಾದರೆ ಶಕ್ತಿ ಎಲ್ಲಿದೆ? ಇಂಗಾಲವನ್ನು ಬಿಡಿಸುತ್ತ ಬರುವಾಗ ಕಿಣ್ವಗಳು ಅದಕ್ಕೆ ಅಂಟಿದ್ದ ಜಲಜನಕವನ್ನು ಕಿತ್ತು, ಅದರ ಎಲೆಕ್ಟ್ರಾನುಗಳನ್ನು ಎನ್‌ಎಡಿಯಂತಹ ವಾಹಕ ಅಣುಗಳ ಮೇಲೆ ಹೇರಿರುತ್ತವೆ. ಶಕ್ತಿ ಇರುವುದು ಅಲ್ಲಿ. ಒಂದು ಗ್ಲೂಕೋಸಿನಿಂದ ಹೀಗೆ ಹನ್ನೆರಡು ಜೋಡಿ ಎಲೆಕ್ಟ್ರಾನುಗಳು ಸಿಗುತ್ತವೆ. ಮೈಟೊಕಾಂಡ್ರಿಯದ ಒಳಪೊರೆಯಲ್ಲಿ ನೆಟ್ಟಿರುವ ಪ್ರೋಟೀನುಗಳ ಸಾಲು ಅವನ್ನು ಕೈಯಿಂದ ಕೈಗೆ ದಾಟಿಸುತ್ತದೆ. ಪ್ರತಿಯೊಂದು ಪ್ರೋಟೀನೂ ಹಿಂದಿನದಕ್ಕಿಂತ ಎಲೆಕ್ಟ್ರಾನನ್ನು ಹೆಚ್ಚು ಬಲವಾಗಿ ಸೆಳೆಯುವುದರಿಂದ ದಾಟುವಾಗಲೆಲ್ಲ ಸ್ವಲ್ಪ ಸ್ವಲ್ಪ ಶಕ್ತಿ ಬಿಡುಗಡೆಯಾಗುತ್ತದೆ. ಸಾಲಿನ ತುದಿಯಲ್ಲಿ ಎಲ್ಲರಿಗಿಂತ ಬಲವಾಗಿ ಸೆಳೆಯುವ ಆಮ್ಲಜನಕ ನಿಂತಿದೆ. ಅದು ನಾಲ್ಕು ಎಲೆಕ್ಟ್ರಾನುಗಳನ್ನೂ ನಾಲ್ಕು ಪ್ರೋಟಾನುಗಳನ್ನೂ ಪಡೆದು ಎರಡು ನೀರಿನ ಅಣುಗಳಾಗುತ್ತದೆ. ನಾವು ಉಸಿರಾಡುವ ಆಮ್ಲಜನಕದ ಬಹುಪಾಲಿಗೆ ಇರುವ ಕೆಲಸ ಇದೊಂದೇ: ದಣಿದ ಎಲೆಕ್ಟ್ರಾನುಗಳನ್ನು ಸಾಲಿನ ಕೊನೆಯಲ್ಲಿ ಎತ್ತಿಕೊಳ್ಳುವುದು. ಅದು ಎತ್ತಿಕೊಳ್ಳದಿದ್ದರೆ ಇಡೀ ಸಾಲು ಹಿಂದಿನವರೆಗೂ ನಿಂತುಬಿಡುತ್ತದೆ.

ಸಯನೈಡ್ ಕೊಲ್ಲುವುದೂ ಹೀಗೆಯೇ. ಅದು ಸಾಲಿನ ಕೊನೆಯ ಪ್ರೋಟೀನಿಗೆ ಅಂಟಿಕೊಂಡು, ಆಮ್ಲಜನಕಕ್ಕೆ ಎಲೆಕ್ಟ್ರಾನ್ ಸಿಗದಂತೆ ಮಾಡುತ್ತದೆ. ರಕ್ತದಲ್ಲಿ ಆಮ್ಲಜನಕ ತುಂಬಿರುತ್ತದೆ, ಕೋಶಗಳು ತೆಗೆದುಕೊಳ್ಳದ ಕಾರಣ ಅಭಿಧಮನಿಯ ರಕ್ತವೂ ಕಡುಕೆಂಪಾಗದೆ ಹೊಳೆಯುವ ಕೆಂಪಾಗಿಯೇ ಉಳಿಯುತ್ತದೆ, ಆದರೂ ಜೀವ ಉಸಿರುಗಟ್ಟುತ್ತದೆ. ಹಸಿ ಮರಗೆಣಸಿನಲ್ಲಿ ಸಯನೈಡನ್ನು ಬಿಡುವ ವಸ್ತುಗಳಿರುವುದರಿಂದಲೇ ಅದನ್ನು ಸಿಪ್ಪೆ ತೆಗೆದು, ಚೆನ್ನಾಗಿ ಬೇಯಿಸಿ, ನೀರು ಬಸಿದು ತಿನ್ನುವುದು.

ಎಲೆಕ್ಟ್ರಾನು ಇಳಿಯುವಾಗ ಬಿಟ್ಟ ಶಕ್ತಿ ಎಟಿಪಿಯಾಗುವ ಬಗೆಯನ್ನು 1961ರಲ್ಲಿ ಬ್ರಿಟನ್ನಿನ ಪೀಟರ್ ಮಿಚೆಲ್ ಮುಂದಿಟ್ಟಾಗ ಹೆಚ್ಚಿನವರು ನಂಬಲಿಲ್ಲ. ಮಿಚೆಲ್ ಅವರ ಪ್ರಕಾರ ಆ ಶಕ್ತಿ ಯಾವುದೋ ಮಧ್ಯವರ್ತಿ ಅಣುವಿನಲ್ಲಿ ಅಡಗಿರುವುದಿಲ್ಲ. ಅದು ಪ್ರೋಟಾನುಗಳನ್ನು ಒಳಪೊರೆಯ ಒಂದು ಬದಿಗೆ ನೂಕಿ, ಅಣೆಕಟ್ಟೆಯ ಹಿಂದೆ ನೀರು ನಿಂತಂತೆ ನಿಲ್ಲಿಸುತ್ತದೆ. ಆ ಪ್ರೋಟಾನುಗಳು ಮರಳಿ ಬರಲು ಇರುವ ಮುಖ್ಯ ದಾರಿ ಎಟಿಪಿ ಸಿಂಥೇಸ್ ಎಂಬ ಕಿಣ್ವದ ಮೂಲಕ, ಹರಿದು ಬರುವಾಗ ಅವು ಅದರ ಒಂದು ಭಾಗವನ್ನು ನಿಜವಾಗಿಯೂ ಗಿರಗಿರನೆ ತಿರುಗಿಸುತ್ತವೆ, ಒಂದು ಸುತ್ತಿಗೆ ಮೂರು ಎಟಿಪಿಗಳು ಹೊರಬರುತ್ತವೆ. ಮಿಚೆಲ್ ಅವರಿಗೆ 1978ರಲ್ಲಿ ನೊಬೆಲ್ ಬಂದಿತು. 1997ರಲ್ಲಿ ಜಪಾನಿನ ವಿಜ್ಞಾನಿಗಳು ಆ ಕಿಣ್ವದ ಅಚ್ಚಿಗೆ ಹೊಳೆಯುವ ಎಳೆಯೊಂದನ್ನು ಅಂಟಿಸಿ, ಅದು ತಿರುಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡರು.

ಎಲ್ಲವನ್ನೂ ಕೂಡಿಸಿದರೆ ಒಂದು ಗ್ಲೂಕೋಸಿಗೆ 30ರಿಂದ 32 ಎಟಿಪಿ. ಹಳೆಯ ಪುಸ್ತಕಗಳ 36 ಅಥವಾ 38 ಎಂಬ ಅಂಕಿ, ಪ್ರೋಟಾನುಗಳ ಸೋರಿಕೆ ಮತ್ತು ಸಾಗಾಟದ ಖರ್ಚನ್ನು ಹಿಡಿಯದ ಲೆಕ್ಕ. ವಿದ್ಯಾರ್ಥಿಗಳು ತಮ್ಮ ಪಠ್ಯದಲ್ಲಿ ಯಾವುದಿದೆಯೋ ಅದನ್ನೇ ಪರೀಕ್ಷೆಯಲ್ಲಿ ಬರೆಯಲಿ, ಆದರೆ ಅಂಕಿ ಬದಲಾದ ಕಾರಣವನ್ನೂ ತಿಳಿದಿರಲಿ.

ಹೀಗೆ ತಯಾರಾಗುವ ನೀರು ವಯಸ್ಕರೊಬ್ಬರಲ್ಲಿ ದಿನಕ್ಕೆ ಸುಮಾರು 300 ಮಿಲಿಲೀಟರ್. ಅದರಲ್ಲಿರುವ ಆಮ್ಲಜನಕದ ಪರಮಾಣು ಮೈಯ ನೀರಿನೊಡನೆ ಬೆರೆತ ಮೇಲೆ ಮುಂದೊಮ್ಮೆ ಇಂಗಾಲದ ಡೈಆಕ್ಸೈಡಿನಲ್ಲಿ ಸೇರಿ ಹೊರಹೋಗಲೂಬಹುದು, ಏಕೆಂದರೆ ರಕ್ತದಲ್ಲಿ ಇವೆರಡರ ನಡುವೆ ಆಮ್ಲಜನಕದ ವಿನಿಮಯ ನಡೆಯುತ್ತಲೇ ಇರುತ್ತದೆ. ಅಂದರೆ ನೀರಾದ ಬಳಿಕವಷ್ಟೇ ಅದಕ್ಕೆ ಆ ದಾರಿ.

ಇನ್ನು 37 ಡಿಗ್ರಿಯ ಮಾತು. ಆಹಾರದ ಶಕ್ತಿಯೆಲ್ಲವೂ ಎಟಿಪಿಯಾಗುವುದಿಲ್ಲ. ದೊಡ್ಡ ಪಾಲು ಪ್ರತಿ ಮೆಟ್ಟಿಲಲ್ಲೂ ಶಾಖವಾಗಿ ಹೊರಬೀಳುತ್ತದೆ, ಮೈ ಬೆಚ್ಚಗಿರುವುದು ಅದರಿಂದಲೇ. ಸಣ್ಣ ಸಣ್ಣ ಕಂತುಗಳಲ್ಲಿ, ಕೋಟಿ ಕೋಟಿ ಕೋಶಗಳಲ್ಲಿ ಹಂಚಿಹೋಗಿ ಬರುವ ಆ ಶಾಖವನ್ನು ರಕ್ತ ಚರ್ಮಕ್ಕೆ ಒಯ್ದು ಕಳೆಯುತ್ತದೆ. ನವಜಾತ ಶಿಶುವಿನ ಬೆನ್ನಿನ ಮೇಲ್ಭಾಗದಲ್ಲಿರುವ ಕಂದು ಕೊಬ್ಬಿನಲ್ಲಿ ಪ್ರೋಟಾನುಗಳು ಎಟಿಪಿ ಸಿಂಥೇಸನ್ನು ತಪ್ಪಿಸಿ ಹರಿಯಲೆಂದೇ ಒಂದು ಪ್ರತ್ಯೇಕ ಪ್ರೋಟೀನ್ ಇದೆ. ನಡುಗಲು ಬಾರದ ಮಗುವನ್ನು ಬೆಚ್ಚಗಿಡುವ ಏರ್ಪಾಡು ಅದು. ಅಣೆಕಟ್ಟೆಗೆ ಇದೇ ರೀತಿ ತೂತು ಕೊರೆಯುವ ಡೈನೈಟ್ರೋಫೀನಾಲ್ ಎಂಬ ರಾಸಾಯನಿಕವನ್ನು 1930ರ ದಶಕದಲ್ಲಿ ಅಮೆರಿಕದಲ್ಲಿ ತೂಕ ಇಳಿಸುವ ಗುಳಿಗೆಯಾಗಿ ಮಾರಿದ್ದರು. ತೂಕ ಇಳಿಯಿತು ನಿಜ, ಆದರೆ ಎಟಿಪಿಯಾಗಬೇಕಾದದ್ದೆಲ್ಲ ಶಾಖವಾಗಿ, ಕೆಲವರು ಮೈಬಿಸಿ ಏರಿಯೇ ಸತ್ತರು, ಇನ್ನು ಕೆಲವರ ಕಣ್ಣಿಗೆ ಪೊರೆ ಬಂದಿತು. 1938ರಲ್ಲಿ ಅಲ್ಲಿ ಅದನ್ನು ಮನುಷ್ಯರು ಸೇವಿಸಲು ಯೋಗ್ಯವಲ್ಲವೆಂದು ಸಾರಲಾಯಿತು. ಇಂದಿಗೂ ಅಂತರಜಾಲದಲ್ಲಿ ಕಳ್ಳತನದಿಂದ ಮಾರಾಟವಾಗುವ ಆ ವಿಷಕ್ಕೆ ನಿರ್ದಿಷ್ಟವಾದ ಪ್ರತಿವಿಷವಿಲ್ಲ.