ತೂಕ ಕೊಟ್ಟ ನಿರ್ಧಾರ ಕೋಷ್ಟಕ: ಬಾಡಿಗೆಗೆ 50 ಎಂದು ಬರೆಯುವ ಮುನ್ನ

ಹಲವು ಆಯ್ಕೆಗಳಲ್ಲಿ ಒಂದನ್ನು ಆರಿಸಬೇಕಾದಾಗ, ಗಮನಿಸಬೇಕಾದ ಮಾನದಂಡಗಳನ್ನು ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ತೂಕ ಕೊಟ್ಟು, ಪ್ರತಿ ಆಯ್ಕೆಗೂ ಅಂಕ ಹಾಕಿ, ಅಂಕವನ್ನು ತೂಕದಿಂದ ಗುಣಿಸಿ ಕೂಡುವುದೇ ಈ ವಿಧಾನ. ಗುಣಾಕಾರ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ವಿವರಿಸುವುದಿಲ್ಲ. ಈ ಟಿಪ್ಪಣಿಯ ಬಹುಪಾಲು ತೂಕವನ್ನು ಹೇಗೆ ನಿರ್ಧರಿಸಬೇಕು ಎಂಬ ಒಂದೇ ಹಂತಕ್ಕೆ ಮೀಸಲು. ನನ್ನ ಓದಿನಲ್ಲಿ ಹೆಚ್ಚು ಹೊತ್ತು ತೆಗೆದುಕೊಂಡದ್ದೂ ಅದೇ.

ಉದಾಹರಣೆ

ಮಂಡ್ಯ ತಾಲ್ಲೂಕಿನ ಆಲೆಮನೆಯೊಂದು ತನ್ನ ಅಚ್ಚು ಬೆಲ್ಲ ಮತ್ತು ಪುಡಿ ಬೆಲ್ಲವನ್ನು ನೇರವಾಗಿ ಮಾರಲು ಮಳಿಗೆ ಹುಡುಕುತ್ತಿದೆ ಎಂದುಕೊಳ್ಳೋಣ. ಮಂಡ್ಯ ಪೇಟೆ, ಶ್ರೀರಂಗಪಟ್ಟಣದ ಹಳೆಯ ಹೆದ್ದಾರಿಯ ಬದಿ ಮತ್ತು ಮೈಸೂರಿನ ದೇವರಾಜ ಮಾರುಕಟ್ಟೆಯ ಆಸುಪಾಸು ಎಂಬ ಮೂರು ಆಯ್ಕೆಗಳಿವೆ. ಕೆಳಗಿನ ಅಂಕಿಗಳೆಲ್ಲ ಅಭ್ಯಾಸಕ್ಕಾಗಿ ಕಲ್ಪಿಸಿದವು.

ತಿಂಗಳ ಬಾಡಿಗೆ ಮಂಡ್ಯದಲ್ಲಿ 11,300, ಶ್ರೀರಂಗಪಟ್ಟಣದಲ್ಲಿ 10,000, ಮೈಸೂರಿನಲ್ಲಿ 12,600 ರೂಪಾಯಿ. ದಿನಕ್ಕೆ ಬರುವ ಗಿರಾಕಿಗಳು ಅದೇ ಕ್ರಮದಲ್ಲಿ 40, 30 ಮತ್ತು 80. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಬೈಪಾಸ್ ಶ್ರೀರಂಗಪಟ್ಟಣವನ್ನು ಬದಿಗಿಟ್ಟು ಸಾಗುವುದರಿಂದ, ಹಳೆಯ ರಸ್ತೆಯ ಓಡಾಟವನ್ನು ನೆನಪಿನಲ್ಲಿಟ್ಟುಕೊಂಡು ಆ ಸಂಖ್ಯೆಯನ್ನು ಹೆಚ್ಚಿಸಿ ಬರೆಯುವಂತಿಲ್ಲ. ಮೂರನೆಯದು ದಾಸ್ತಾನು ಕೋಣೆಯ ಒಣತನ. ಮಳೆಗಾಲದಲ್ಲಿ ಬೆಲ್ಲ ತೇವವನ್ನು ಹೀರಿ ಜಿನುಗುವುದರಿಂದ ಇದನ್ನು ಬಿಡಲಾಗದು.

ಪ್ರತಿ ಮಾನದಂಡದಲ್ಲೂ ಅತ್ಯುತ್ತಮ ಆಯ್ಕೆಗೆ 10, ಅತಿ ಕೆಳಗಿನದಕ್ಕೆ 0, ನಡುವಿನದಕ್ಕೆ ಅನುಪಾತದಂತೆ ಅಂಕ ಕೊಡಬೇಕು. ಬಾಡಿಗೆ ಕಡಿಮೆಯಾದಷ್ಟೂ ಒಳ್ಳೆಯದಾದ್ದರಿಂದ ಅಲ್ಲಿ ದಿಕ್ಕು ತಿರುಗುತ್ತದೆ. ಒಣತನಕ್ಕೆ ಅಳತೆಯ ಅಂಕಿ ಇಲ್ಲದ್ದರಿಂದ ಅದರ ಅಂಕಗಳನ್ನು ಅಂದಾಜಿನಿಂದ ಇಟ್ಟುಕೊಂಡಿದ್ದೇವೆ. ಹೀಗೆ ಬಾಡಿಗೆ, ಗಿರಾಕಿ, ಒಣತನಗಳಲ್ಲಿ ಮಂಡ್ಯಕ್ಕೆ 5, 2, 10, ಶ್ರೀರಂಗಪಟ್ಟಣಕ್ಕೆ 10, 0, 4, ಮೈಸೂರಿಗೆ 0, 10, 0 ಬರುತ್ತವೆ. ಆಹಾರ ಪರವಾನಗಿಯೇ ಸಿಗದ ಮಳಿಗೆ ಇದ್ದರೆ ಅದನ್ನು ಕೋಷ್ಟಕಕ್ಕೆ ತರಬಾರದು, ಏಕೆಂದರೆ ಕಡ್ಡಾಯವಾದ ಷರತ್ತಿನ ಕೊರತೆಯನ್ನು ಬೇರೆ ಅಂಕಗಳು ತುಂಬಿಕೊಡಬಾರದು.

ತೂಕ ಯಾವುದಕ್ಕೆ?

ಸಣ್ಣ ವ್ಯಾಪಾರದಲ್ಲಿ ಯಾವುದು ಮುಖ್ಯ ಎಂದು ಕೇಳಿದರೆ ಮೊದಲು ಬರುವ ಉತ್ತರ ಬಾಡಿಗೆ. ಅದರಂತೆ ಬಾಡಿಗೆಗೆ 50, ಗಿರಾಕಿಗಳಿಗೆ 30, ಒಣತನಕ್ಕೆ 20 ಕೊಟ್ಟರೆ ಮಂಡ್ಯಕ್ಕೆ 510, ಶ್ರೀರಂಗಪಟ್ಟಣಕ್ಕೆ 580, ಮೈಸೂರಿಗೆ 300 ಬಂದು ಶ್ರೀರಂಗಪಟ್ಟಣ ಗೆಲ್ಲುತ್ತದೆ. ಕೂಡಿಕೆ ಸರಿಯಾಗಿಯೇ ಇದೆ, ಆದರೆ ತೀರ್ಮಾನ ಸರಿಯಲ್ಲ.

ಕಾರಣ ಹೀಗಿದೆ. ಅಂಕಗಳನ್ನು 0ಯಿಂದ 10ಕ್ಕೆ ಹಿಗ್ಗಿಸಿದಾಗ, ಬಾಡಿಗೆಯ 10 ಅಂಕಗಳ ಹಿಂದೆ ಇರುವುದು ಕೇವಲ 2,600 ರೂಪಾಯಿಗಳ ಅಂತರ, ಗಿರಾಕಿಗಳ 10 ಅಂಕಗಳ ಹಿಂದೆ ಇರುವುದು ದಿನಕ್ಕೆ 50 ಗಿರಾಕಿಗಳ ಅಂತರ. ಆದ್ದರಿಂದ ತೂಕವು ಹೇಳಬೇಕಾದುದು ಬಾಡಿಗೆ ಎಂಬ ವಿಷಯ ಒಟ್ಟಾರೆ ಎಷ್ಟು ದೊಡ್ಡದು ಎಂಬುದನ್ನಲ್ಲ. ಈ ಮೂರು ಮಳಿಗೆಗಳ ನಡುವೆ ಅದು ಕೆಳಗಿನಿಂದ ಮೇಲಕ್ಕೆ ಏರಿದರೆ ನಮಗೆ ಎಷ್ಟು ಲಾಭ ಎಂಬುದನ್ನು. ಮೂರೂ ಮಳಿಗೆಗಳ ಬಾಡಿಗೆ ಒಂದೇ ಆಗಿದ್ದರೆ, ಅದು ವ್ಯಾಪಾರದ ಅತಿ ದೊಡ್ಡ ಖರ್ಚಾಗಿದ್ದರೂ, ಅದರ ತೂಕ ಸೊನ್ನೆಯೇ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1772ರಲ್ಲಿ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಬರೆದ ಪತ್ರದಲ್ಲಿ, ಪರ ಮತ್ತು ವಿರೋಧದ ಕಾರಣಗಳನ್ನು ಎದುರುಬದುರಾಗಿ ಬರೆದು, ಸಮತೂಕದವನ್ನು ಹೊಡೆದುಹಾಕುವಂತೆ ತಿಳಿಸಿದ್ದನು. ಅಲ್ಲಿ ತೂಗುವುದು ಕೈಯಲ್ಲಿರುವ ನಿರ್ಧಾರಕ್ಕೆ ಸೇರಿದ ಕಾರಣಗಳನ್ನೇ ಹೊರತು ಸಾಮಾನ್ಯ ವಿಷಯಗಳನ್ನಲ್ಲ, ಹಾಗಾಗಿ ಈ ತೊಡಕೇ ಹುಟ್ಟುವುದಿಲ್ಲ.

ಈಗ ತೂಕವನ್ನು ಹೊಸದಾಗಿ ಕಟ್ಟೋಣ. ಎಲ್ಲ ಮಾನದಂಡಗಳಲ್ಲೂ ಅತಿ ಕೆಳಮಟ್ಟದಲ್ಲಿರುವ ಒಂದು ಮಳಿಗೆಯನ್ನು ಕಲ್ಪಿಸಿಕೊಂಡು, ಒಂದನ್ನು ಮಾತ್ರ ಮೇಲಕ್ಕೆ ಏರಿಸಲು ಅವಕಾಶವಿದ್ದರೆ ಯಾವುದನ್ನು ಏರಿಸುತ್ತೀರಿ ಎಂದು ಕೇಳಿಕೊಳ್ಳಬೇಕು. ಒಬ್ಬ ಗಿರಾಕಿಯಿಂದ 10 ರೂಪಾಯಿ ಉಳಿದರೆ, ದಿನಕ್ಕೆ 50 ಗಿರಾಕಿಗಳು ಹೆಚ್ಚಿದಾಗ ತಿಂಗಳ 26 ದಿನಗಳಿಗೆ 13,000 ರೂಪಾಯಿ ಆಗುತ್ತದೆ. ಇದಕ್ಕೆ 100 ಕೊಡೋಣ. ಬಾಡಿಗೆಯ 2,600 ಅದರ ಐದನೆಯ ಒಂದು ಭಾಗವಾದ್ದರಿಂದ ಅದಕ್ಕೆ 20. ಒಣತನಕ್ಕೆ ಸಿದ್ಧ ರೂಪಾಯಿ ಲೆಕ್ಕವಿಲ್ಲ. ಅತಿ ತೇವದ ಕೋಣೆಯ ಬದಲು ಅತಿ ಒಣ ಕೋಣೆ ಸಿಗುವುದಾದರೆ ಎಷ್ಟು ಬಾಡಿಗೆ ಹೆಚ್ಚು ಕೊಡುತ್ತೀರಿ ಎಂದು ಆಲೆಮನೆಯವರನ್ನೇ ಕೇಳಬೇಕು. 5,200 ಎಂದರೆ ಅದರ ತೂಕ 40. ಎಲ್ಲವೂ ರೂಪಾಯಿಗೆ ನೇರವಾಗಿ ಇಳಿಯುವಂತಿದ್ದರೆ ಲಾಭದ ಲೆಕ್ಕವೇ ಸಾಕಿತ್ತು. ಕೋಷ್ಟಕದ ಉಪಯೋಗ ಕಾಣುವುದು ಇಂಥ ಮಾನದಂಡಗಳಿದ್ದಾಗ.

ಒಟ್ಟು 160ನ್ನು ಶೇಕಡಾವಾರು ಮಾಡಿದರೆ ಗಿರಾಕಿಗಳಿಗೆ 62.5, ಒಣತನಕ್ಕೆ 25, ಬಾಡಿಗೆಗೆ 12.5. ಈಗ ಮೈಸೂರಿಗೆ 625, ಮಂಡ್ಯಕ್ಕೆ 437.5, ಶ್ರೀರಂಗಪಟ್ಟಣಕ್ಕೆ 225. ಅಂಕಗಳಲ್ಲಿ ಒಂದೂ ಬದಲಾಗಿಲ್ಲ, ಆದರೂ ಮೊದಲಿದ್ದದ್ದು ಕೊನೆಗೆ, ಕೊನೆಗಿದ್ದದ್ದು ಮೊದಲಿಗೆ ಬಂದಿದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ನಾಲ್ಕನೆಯ ಮಳಿಗೆಯೊಂದು ಸೇರಿ ಅದರ ಬಾಡಿಗೆ 30,000 ಆಗಿದ್ದರೆ ಅಂತರವೇ ಬದಲಾಗುವುದರಿಂದ ಅಂಕಗಳನ್ನೂ ತೂಕಗಳನ್ನೂ ಮತ್ತೆ ಕಟ್ಟಬೇಕು. ಹಾಗೆಯೇ ಆಲೆಮನೆಯಿಂದ ದೂರ ಮತ್ತು ಸಾಗಣೆ ವೆಚ್ಚ ಎರಡನ್ನೂ ಬೇರೆ ಬೇರೆ ಬರೆದರೆ ಒಂದೇ ವಿಷಯ ಎರಡು ಸಲ ಎಣಿಕೆಯಾಗುತ್ತದೆ.

ಗೆಲುವು ಎಷ್ಟು ಗಟ್ಟಿ?

ಶೇಕಡಾವಾರು ಮಾಡುವ ಮುನ್ನ ಇದ್ದ ತೂಕಗಳಲ್ಲಿ ಬಾಡಿಗೆಯ 20 ಮತ್ತು ಒಣತನದ 40ನ್ನು ಹಾಗೆಯೇ ಇಟ್ಟು ಗಿರಾಕಿಗಳ ತೂಕವನ್ನು ಮಾತ್ರ 100ರಿಂದ ಇಳಿಸುತ್ತ ಹೋಗಿ. ಆ ತೂಕ ‘ಗ’ ಆದರೆ ಮಂಡ್ಯಕ್ಕೆ ಬರುವುದು 500 + 2ಗ, ಮೈಸೂರಿಗೆ 10ಗ. ಎರಡೂ ಸಮವಾಗುವುದು ‘ಗ’ 62.5 ಆದಾಗ. ನಮ್ಮ ಲೆಕ್ಕದಲ್ಲಿ ತೂಕದ 1 ಎಂದರೆ 130 ರೂಪಾಯಿ, 62.5ಕ್ಕೆ 8,125 ರೂಪಾಯಿ. ದಿನಕ್ಕೆ 50 ಗಿರಾಕಿಗಳಂತೆ 26 ದಿನಗಳಿಗೆ ಹಂಚಿದರೆ ಒಬ್ಬ ಗಿರಾಕಿಯಿಂದ ಉಳಿಯುವ ಹಣ 6.25 ರೂಪಾಯಿ ಆಗುತ್ತದೆ. ಆದ್ದರಿಂದ ಮೈಸೂರಿನ ಮಳಿಗೆಗೆ ಮುಂಗಡ ಕೊಡುವ ಮುನ್ನ ಆಲೆಮನೆಯವರು ಖಚಿತಪಡಿಸಿಕೊಳ್ಳಬೇಕಾದುದು, ಚೀಲ, ಸಾಗಣೆ ಮತ್ತು ಕೂಲಿ ಎಲ್ಲ ಕಳೆದ ಮೇಲೆ ಒಬ್ಬ ಗಿರಾಕಿಯಿಂದ 6.25 ರೂಪಾಯಿಗಿಂತ ಹೆಚ್ಚು ಉಳಿಯುತ್ತದೆಯೇ ಎಂಬುದನ್ನು.